ಹಿತಕ್ಕೂ ಹಿಡಿತಕ್ಕೂ ಜಗಳ ಹಚ್ಚಿದವರು

ಕಯಾಕ್ ಕಲಿಯಲು ಹೊರಟವರ ಕಿವಿಗೆ ಬೇಗನೆ ಬೀಳುವ ಮಾತೊಂದಿದೆ: ಹಾಯಾಗಿ ಕೂರಬೇಕೆಂದರೆ ದೋಣಿಯ ಮೇಲಿನ ಹಿಡಿತದ ಆಸೆ ಬಿಡಬೇಕು, ಹಿಡಿತ ಬೇಕೆಂದರೆ ನೋವು ತಿನ್ನಬೇಕು. ಅಂಗಡಿಯವರು ಇದನ್ನು ಒಂದು ಬಗೆಯಲ್ಲಿ ಹೇಳುತ್ತಾರೆ, ಪಳಗಿದವರು ಇನ್ನೊಂದು ಬಗೆಯಲ್ಲಿ. ಅಂಗಡಿಯವರು ಹೊಸಬರಿಗೆ ಅಗಲವಾದ ಕಾಕ್‌ಪಿಟ್ (ಕೂರುವ ಗುಂಡಿ), ದಪ್ಪ ಮೆತ್ತೆ, ಅರ್ಧ ಬೆನ್ನಿನವರೆಗೆ ಏರುವ ಒರಗು ಇರುವ ದೋಣಿ ತೋರಿಸಿ ‘ನಿಮಗೆ ಇದೇ ಸರಿ’ ಅನ್ನುತ್ತಾರೆ. ಸೆಳವಿನ ಹೊಳೆಯಲ್ಲಿ, ಕಡಲಲ್ಲಿ ಪಳಗಿದವರು ಹೊಸಬರ ಸೊಂಟದ ಎರಡೂ ಕಡೆ ಫೋಮ್ ತುರುಕಿ, ಪಾದ ಊರುವ ಫುಟ್‌ಪೆಗ್ಗನ್ನು ಹತ್ತಿರಕ್ಕೆ ಎಳೆದು, ಅವರು ಮುಖ ಕಿವುಚಿದರೆ ‘ಅಭ್ಯಾಸ ಆಗುತ್ತೆ ಬಿಡಿ’ ಅನ್ನುತ್ತಾರೆ. ಇಬ್ಬರ ಸಲಹೆಯೂ ಎದುರುಬದುರಾಗಿ ಕಂಡರೂ ಒಳಗಿನ ನಂಬಿಕೆ ಒಂದೇ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು ಎಂಬುದು.

ಈ ನಂಬಿಕೆ ತಪ್ಪು. ತಪ್ಪು ಮಾತ್ರವಲ್ಲ, ನೀರಿಗೆ ಇಳಿದ ಎಷ್ಟೋ ಜನರನ್ನು ವರ್ಷದೊಳಗೆ ದಡಕ್ಕೆ ಅಟ್ಟಿದ ನಂಬಿಕೆ ಇದು. ಕೂತವರ ಮೈಗೆ ಹೊಂದಿದ ಕಾಕ್‌ಪಿಟ್‌ನಲ್ಲಿ ಹಿತವೂ ಇರುತ್ತದೆ, ಹಿಡಿತವೂ ಇರುತ್ತದೆ. ಎರಡಕ್ಕೂ ಕಾರಣ ಒಂದೇ: ಮೈಯ ಭಾರ ಮತ್ತು ಬಲ ದೋಣಿಗೆ ಎಲ್ಲೆಲ್ಲಿ ತಾಗುತ್ತದೆ, ಎಷ್ಟು ಅಗಲವಾಗಿ ತಾಗುತ್ತದೆ ಎಂಬುದು. ಭಾರವೆಲ್ಲ ಒಂದೇ ಚುಕ್ಕೆಯ ಮೇಲೆ ಬಿದ್ದರೆ ನೋಯುತ್ತದೆ. ಅದೇ ಭಾರ ಅಂಗೈಯಗಲ ಹರಡಿದರೆ ನೋವು ಇಲ್ಲವಾಗುತ್ತದೆ. ಮೈ ಹಾಗೆ ಅಗಲವಾಗಿ ತಾಗಿದ್ದರೆ, ತೊಡೆ ಮಿಸುಕಿದ ಕೂಡಲೇ ದೋಣಿಯೂ ಮಿಸುಕುತ್ತದೆ.

ಇದು ಹೊಸದಾಗಿ ಕಂಡುಹಿಡಿದದ್ದಲ್ಲ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರರು ಸೀಲ್ ಬೇಟೆಗೆಂದು ಕಟ್ಟಿಕೊಳ್ಳುತ್ತಿದ್ದ ಕಯಾಕಿಗೆ ಬೇಟೆಗಾರನ ಮೈಯೇ ಅಳತೆಗೋಲು. ಊರಿಂದ ಊರಿಗೆ ಲೆಕ್ಕ ಸ್ವಲ್ಪ ಬದಲಾದರೂ ಸಾಮಾನ್ಯವಾಗಿ ಉದ್ದ ಅವನ ಕೈಯಳತೆಯ ಮೂರು ಮಾರು, ಅಗಲ ಅವನ ಸೊಂಟದಗಲದ ಮೇಲೆ ಎರಡು ಮುಷ್ಟಿ, ಆಳ ಅವನ ಮುಷ್ಟಿಯ ಮೇಲೆ ಹೆಬ್ಬೆರಳು ನೆಟ್ಟಗೆ ನಿಲ್ಲಿಸಿದಷ್ಟು. ಮಾರಿನಲ್ಲಿ ಹಗ್ಗ ಅಳೆದು, ಮೊಳದಲ್ಲಿ ಹೂ ಕೊಂಡ ನಮ್ಮ ಜನಕ್ಕೆ ಈ ಲೆಕ್ಕ ಥಟ್ಟನೆ ಅರ್ಥವಾಗುತ್ತದೆ. ಕೂತವನ ತೊಡೆಗಳ ಮೇಲೆ ಅಡ್ಡಲಾಗಿ ಬಾಗಿದ ಮರದ ತೊಲೆಯೊಂದು ಬರುತ್ತದೆ. ಅದಕ್ಕೆ ಮಾಸಿಕ್ ಎಂದು ಹೆಸರು. ಅದರ ಬಾಗು ಆ ಒಬ್ಬನ ತೊಡೆಯ ಎತ್ತರಕ್ಕೆಂದೇ ಮಾಡಿದ್ದು. ಎತ್ತರದ ಸೀಟು ಇಲ್ಲ, ಒರಗು ಇಲ್ಲ, ಕೆಳಗೆ ಹಾಸಿದ ತೊಗಲು ಅಷ್ಟೆ. ತೊಡೆ ಎತ್ತಿ ಮಾಸಿಕ್‌ಗೆ ಒತ್ತಿದರೆ ದೋಣಿ ಹೇಳಿದಂತೆ ಕೇಳುತ್ತದೆ, ಕಾಲು ಸಡಿಲಬಿಟ್ಟರೆ ತೊಡೆಗೆ ಬಿಡುವು ಸಿಗುತ್ತದೆ. ಆ ದೋಣಿಯಲ್ಲಿ ಬೇಟೆಗಾರ ಗಂಟೆಗಟ್ಟಲೆ ಸೀಲಿಗಾಗಿ ಕಾಯುತ್ತಿದ್ದ, ಈಟಿ ಎಸೆಯುತ್ತಿದ್ದ, ಮಗುಚಿದರೆ ಹೊರಗೆ ಬೀಳದೆ ಹಾಗೆಯೇ ಉರುಳಿ ಮೇಲೇಳುತ್ತಿದ್ದ. ಆ ನೀರಿನಲ್ಲಿ ಹೊರಗೆ ಬಿದ್ದವನು ಬದುಕುವುದು ಕಷ್ಟ. ಅವನಿಗೆ ಹಿತದ ಗೊಡವೆ ಇರಲಿಲ್ಲ, ಹಿಡಿತವಷ್ಟೇ ಬೇಕಿತ್ತು ಎನ್ನುವವರು ಸ್ವಲ್ಪ ಯೋಚಿಸಬೇಕು. ಕಾಲು ಜೋಮು ಹಿಡಿದು ಕೂತವನು ಗುರಿಯಿಟ್ಟು ಈಟಿ ಎಸೆಯುವುದು ಹೇಗೆ?

ಆ ದೋಣಿಯನ್ನು ಹಾಗೆಯೇ ನಕಲು ಮಾಡಿ ಅಂತ ನಾನು ಹೇಳುತ್ತಿಲ್ಲ. ಕಾಲು ನೀಡಿ ನೆಟ್ಟಗೆ ಕೂರುವುದು ಆ ಬೇಟೆಗಾರರಿಗೆ ಚಿಕ್ಕಂದಿನ ರೂಢಿಯಾಗಿತ್ತು. ಕುರ್ಚಿಯಲ್ಲಿ ಬೆಳೆದವರ ತೊಡೆಯ ಹಿಂಬದಿಯ ಸ್ನಾಯು ಅಷ್ಟು ಹಿಗ್ಗುವುದಿಲ್ಲ. ಅವರ ಮಂಡಿಗೆ ಸ್ವಲ್ಪ ಎತ್ತರ ಬೇಕು. ನಕಲು ಮಾಡಬೇಕಾದದ್ದು ದೋಣಿಯ ತಗ್ಗನ್ನಲ್ಲ, ಅಳೆಯುವ ಕ್ರಮವನ್ನು.

ಯುರೋಪಿನವರು ತದ್ವಿರುದ್ಧ ಮಾಡಿದರು. 1959ರಲ್ಲಿ ಗ್ಲಾಸ್ಗೋದ ಕೆನ್ ಟೇಲರ್ ಎಂಬ ವಿದ್ಯಾರ್ಥಿ ಪಶ್ಚಿಮ ಗ್ರೀನ್‌ಲ್ಯಾಂಡಿನ ಇಲ್ಲೊರ್ಸುಇತ್ ಎಂಬ ಊರಿಗೆ ಹೋಗಿ, ಅಲ್ಲಿ ತನಗಾಗಿ ಕಟ್ಟಿದ ಕಯಾಕ್ ಒಂದನ್ನು ಸ್ಕಾಟ್‌ಲ್ಯಾಂಡಿಗೆ ತಂದರು. ಆ ಒಂದು ದೋಣಿಯ ರೂಪುರೇಖೆಯಿಂದ ಬ್ರಿಟನ್ನಿನ ಕಡಲ ಕಯಾಕುಗಳ ಒಂದು ದೊಡ್ಡ ಸಂತಾನವೇ ಹುಟ್ಟಿತು. 1970ರ ದಶಕದ ಮೊದಲಲ್ಲಿ ಬಂದ ಅನಾಸ್ ಅಕ್ಯೂಟ ಅದರಲ್ಲಿ ಹೆಸರಾದದ್ದು. ಫೈಬರ್‌ಗ್ಲಾಸಿನ ಅಚ್ಚು ಬಂತು, ಆಮೇಲೆ ಪ್ಲಾಸ್ಟಿಕ್ಕಿನ ಅಚ್ಚು. ತಳದ ಬಾಗನ್ನು, ಮೂತಿಯ ಚೂಪನ್ನು ಬಹುಮಟ್ಟಿಗೆ ಉಳಿಸಿಕೊಂಡರು. ಒಬ್ಬ ಮನುಷ್ಯನ ಸೊಂಟಕ್ಕೆ, ತೊಡೆಗೆ ಹೊಂದಿಸಿ ಕಟ್ಟುವುದನ್ನು ಮಾತ್ರ ಬಿಟ್ಟುಬಿಟ್ಟರು, ಅಚ್ಚಿಗೆ ಅದು ಸಾಧ್ಯವೂ ಇರಲಿಲ್ಲ. ಅದರಲ್ಲಿ ದೋಷವಿಲ್ಲ. ಒಂದು ಅಚ್ಚಿನಿಂದ ಸಾವಿರ ದೋಣಿ ತೆಗೆದದ್ದರಿಂದಲೇ ಸಾವಿರ ಜನ ನೀರಿಗಿಳಿದರು. ದೋಷ ಇರುವುದು ಅಚ್ಚಿನಿಂದ ಬಂದ ದೋಣಿಯನ್ನು ಕೆಲಸ ಮುಗಿದ ದೋಣಿ ಎಂದು ಮಾರುವುದರಲ್ಲಿ, ಹಾಗೆಂದು ನಂಬಿ ಕೊಳ್ಳುವುದರಲ್ಲಿ. ಕಾರ್ಖಾನೆಯವರು ಸೊಂಟದ ಜಾಗವನ್ನು ದಪ್ಪಗಿನವರಿಗೂ ಆಗುವಂತೆ ಸುಮಾರು 40 ಸೆಂಟಿಮೀಟರ್ ಬಿಟ್ಟು ಕಳಿಸುತ್ತಾರೆ. ಉಳಿದದ್ದನ್ನು ತುಂಬಿಕೊಳ್ಳುವುದು ಕೂರುವವರ ಕೆಲಸ. ಕೊಳ್ಳುವವರು ಹೊರಮೈ ಗುಂಡಗಿರಬೇಕೋ ಮೂಲೆಯಿರಬೇಕೋ ಎಂದು ತಿಂಗಳುಗಟ್ಟಲೆ ವಾದಿಸುತ್ತಾರೆ, ಆಮೇಲೆ ತಮ್ಮ ಮೈಗೂ ದೋಣಿಗೂ ನಡುವೆ ಇರುವ ನಾಲ್ಕು ಬೆರಳಿನ ಸಂದನ್ನು ಹಾಗೆಯೇ ಬಿಟ್ಟು ಕಡಲಿಗೆ ಹೋಗುತ್ತಾರೆ. ಎಂಥ ತಳವಿದ್ದರೂ ಆ ಸಂದಿನಾಚೆ ಇದ್ದು ಪ್ರಯೋಜನವೇನು?

ಮೊದಲು ಅಂಗಡಿಯ ಹಿತವನ್ನೇ ನೋಡೋಣ. ದಪ್ಪ ಮೆತ್ತೆಯ ಸೀಟು ಐದು ನಿಮಿಷ ಕೂತಾಗ ಚೆನ್ನಾಗಿರುತ್ತದೆ, ಅಂಗಡಿಯಲ್ಲಿ ಕೂರುವುದೂ ಅಷ್ಟೇ ಹೊತ್ತು. ಮೃದುವಾದ ಫೋಮ್ ಭಾರಕ್ಕೆ ಕುಗ್ಗಿ ತಳ ಕಂಡ ಮೇಲೆ, ಕೂರುವ ಎರಡು ಎಲುಬುಗಳು ಮತ್ತೆ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆಯೇ. ಅದರ ಮೇಲೆ ಮೆತ್ತೆಯಿಂದ ಸೀಟು ಎತ್ತರವಾಗುತ್ತದೆ. ಕಡಲ ಕಯಾಕಿನ ಅಗಲ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಮಾತ್ರ. ಅಷ್ಟು ಕಿರಿದಾದ ದೋಣಿಯಲ್ಲಿ ಕೂತವರ ಭಾರ ಎರಡು ಮೂರು ಸೆಂಟಿಮೀಟರ್ ಮೇಲೇರಿದರೆ ಸಾಕು, ಅದುವರೆಗೆ ಗಟ್ಟಿಯಾಗಿದ್ದ ದೋಣಿ ಕುಲುಕತೊಡಗುತ್ತದೆ. ಕುಲುಕುವ ದೋಣಿಯಲ್ಲಿ ಕೂತವರು ಮೈಯೆಲ್ಲ ಬಿಗಿಹಿಡಿಯುತ್ತಾರೆ. ಮೈ ಬಿಗಿಹಿಡಿದವರಿಗೆ ಹಿತ ಎಲ್ಲಿಂದ ಬರಬೇಕು?

ಎತ್ತರದ ಒರಗು ಇದಕ್ಕಿಂತ ಕೆಟ್ಟದ್ದು. ಹುಟ್ಟು ಹಾಕುವ ಬಲ ತೋಳಿನಿಂದ ಬರುವುದಿಲ್ಲ. ಸೊಂಟದಿಂದ ಮೇಲಿನ ಮೈ ತಿರುಗುವುದರಿಂದ ಬರುತ್ತದೆ. ಬೆನ್ನನ್ನು ಒರಗಿಗೆ ಕೊಟ್ಟು ಕೂತವರ ಮೈ ತಿರುಗುವುದಿಲ್ಲ, ತೋಳು, ಭುಜ ಸೋಲುತ್ತವೆ. ಒರಗಿದಂತೆಲ್ಲ ಸೊಂಟ ಮುಂದಕ್ಕೆ ಜಾರುತ್ತದೆ, ಬೆನ್ನು ಬಿಲ್ಲಾಗುತ್ತದೆ, ಸಂಜೆಗೆ ಕೆಳಬೆನ್ನು ನೋಯುತ್ತದೆ. ಆಗ ಅಂಗಡಿಯವರು ಇನ್ನೂ ಎತ್ತರದ ಒರಗನ್ನು ತೋರಿಸುತ್ತಾರೆ! ಮಗುಚಿದ ಮೇಲೆ ನೀರಿನಿಂದ ಹಿಂಬದಿಯ ಡೆಕ್ಕನ್ನು ಹತ್ತಿ ಒಳಗೆ ಜಾರಬೇಕಾದಾಗ ಇದೇ ಒರಗು ಅಡ್ಡ ನಿಲ್ಲುತ್ತದೆ. ಹಿಂದಕ್ಕೆ ಬಾಗಿ ರೋಲ್ ಮಾಡುವವರಿಗೂ, ಅಂದರೆ ಮಗುಚಿದ ದೋಣಿಯನ್ನು ಒಳಗೆ ಕೂತೇ ಮೇಲೆ ತರುವವರಿಗೂ, ಅಡ್ಡ. ಒರಗಿನ ಬದಲು ಬಳಸುವ ಬೆನ್ನಪಟ್ಟಿ, ಬ್ಯಾಕ್ ಬ್ಯಾಂಡ್, ಇರಬೇಕಾದದ್ದು ಕಾಕ್‌ಪಿಟ್‌ನ ಹಿಂಬದಿಯ ಅಂಚಿಗಿಂತ ಕೆಳಗೆ, ಬೆನ್ನುಮೂಳೆಯ ಬುಡದ ಹತ್ತಿರ. ಅದರ ಕೆಲಸ ಪಾದದಿಂದ ಒತ್ತಿದಾಗ ಸೊಂಟ ಹಿಂದಕ್ಕೆ ಜಾರದಂತೆ ತಡೆಯುವುದು ಮಾತ್ರ.

ಇನ್ನು ಜೋಮು. ಕಯಾಕ್ ಬಿಟ್ಟವರನ್ನು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಮೊದಲು ಬರುವ ದೂರು ಇದೇ: ಅರ್ಧ ಗಂಟೆ ಕೂತರೆ ಕಾಲು ಸತ್ತಂತೆ ಆಗುತ್ತೆ. ಅದಕ್ಕೆ ಪಳಗಿದವರ ಉತ್ತರ ಸಿದ್ಧವಿದೆ: ನಿಮ್ಮ ಸ್ನಾಯು ಬಿಗಿ, ಯೋಗ ಮಾಡಿ, ಸಹಿಸಿಕೊಳ್ಳಿ. ಸ್ನಾಯು ಬಿಗಿ ಇರಬಹುದು. ಆದರೆ ಕಾಲಿಗೆ ಇಳಿಯುವ ದೊಡ್ಡ ನರ, ಸಯಾಟಿಕ್ ನರ, ಕೂರುವ ಎಲುಬಿನ ಪಕ್ಕದಲ್ಲೇ ಹಾದು ತೊಡೆಯ ಹಿಂಬದಿಯಲ್ಲಿ ಸಾಗುತ್ತದೆ. ಸೀಟಿನ ಮುಂದಿನ ಅಂಚು ಚೂಪಾಗಿದ್ದರೆ, ಅದರಾಚೆ ತೊಡೆಗೆ ಕೆಳಗಿನಿಂದ ಆಸರೆಯೇ ಇಲ್ಲದಿದ್ದರೆ, ತೊಡೆಯ ತೂಕವೆಲ್ಲ ಆ ಅಂಚಿನ ಮೇಲೆ, ಅಂದರೆ ಆ ನರದ ಮೇಲೆ ಬೀಳುತ್ತದೆ. ಇದಕ್ಕೆ ಮದ್ದು ಸಹನೆಯಲ್ಲ, ಸೀಟಿನ ಮುಂದೆ ಇಳಿಜಾರಾಗಿ ಕತ್ತರಿಸಿದ ಒಂದು ಫೋಮಿನ ತುಂಡು. ತೊಡೆಯ ಕೆಳಗೆ ಅದು ಆತುಕೊಂಡರೆ ಅಂಚಿನ ಒತ್ತಡ ಹರಡಿಹೋಗುತ್ತದೆ. ಕೂರುವ ಎಲುಬುಗಳಿಗೆ ಗಟ್ಟಿ ಫೋಮಿನಲ್ಲಿ ಎರಡು ತಗ್ಗು ಉಜ್ಜಿದರೆ ಇನ್ನೂ ಒಳ್ಳೆಯದು. ಆಗ ಸೀಟನ್ನು ಎತ್ತರಿಸದೆಯೇ ಭಾರ ಹರಡುತ್ತದೆ.

ಜೋಮಿನ ಇನ್ನೊಂದು ಮೂಲ ಪಾದದಲ್ಲಿದೆ, ಅಲ್ಲಿ ಯಾರೂ ಹುಡುಕುವುದಿಲ್ಲ. ಫುಟ್‌ಪೆಗ್ ತೀರ ಹತ್ತಿರವಿದ್ದರೆ ಕಾಲು ಸದಾ ಒತ್ತುತ್ತಲೇ ಇರುತ್ತದೆ. ಪಾದಕ್ಕೂ ಒರಗಿಗೂ ನಡುವೆ ಮೈ ಸಿಕ್ಕಿಕೊಂಡು, ರಕ್ತ ಓಡಾಡಲು ಒಂದು ಗಳಿಗೆಯೂ ಬಿಡುವು ಸಿಗುವುದಿಲ್ಲ. ತೀರ ದೂರವಿದ್ದರೆ ಕೂತವರು ಮುಂದಕ್ಕೆ ಜಾರುತ್ತಾರೆ, ಸೊಂಟ ಹಿಂದಕ್ಕೆ ಮಗುಚಿಕೊಳ್ಳುತ್ತದೆ, ಮತ್ತೆ ಅದೇ ನರದ ಮೇಲೆ ಭಾರ. ಸರಿಯಾದ ದೂರ ಯಾವುದು? ಹಿಮ್ಮಡಿಗಳು ಒಳಗೆ ಹತ್ತಿರ ಬಂದು, ಮಂಡಿಗಳು ಹೊರಕ್ಕೆ ಬಾಗಿ, ಪಾದ ಸಡಿಲಬಿಟ್ಟಾಗ ತೊಡೆ ತನ್ನ ಮೇಲಿನ ಆಸರೆಯಾದ ಥೈ ಬ್ರೇಸಿನ ಕೆಳಗೆ ಸುಮ್ಮನೆ ಇದ್ದು, ಅಂಗಾಲಿನ ಮುಂಭಾಗದಿಂದ ಒತ್ತಿದ ಕೂಡಲೇ ತೊಡೆ ಎದ್ದು ಬ್ರೇಸಿಗೆ ತಾಗುವಷ್ಟು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ನನ್ನ ವಾದದ ಗಂಟು ಇಲ್ಲೇ ಇದೆ. ಹಿಡಿತ ಎಂದರೆ ಹಗಲೆಲ್ಲ ಬಿಗಿದಿರುವುದಲ್ಲ, ಬೇಕೆಂದ ಕ್ಷಣದಲ್ಲಿ ಸಿಗುವುದು. ಬೇಡವಾದಾಗ ಕಾಲಿಗೆ ಬಿಡುವು. ಫುಟ್‌ಪೆಗ್ಗಿನ ಒಂದು ಹಲ್ಲು ಹಿಂದೆ ಮುಂದೆ ಮಾಡಿದರೆ ಎರಡೂ ಸಿಗುತ್ತವೆ ಅಥವಾ ಎರಡೂ ತಪ್ಪುತ್ತವೆ.

ನೋವನ್ನೇ ಅರ್ಹತೆ ಎಂದು ತಿಳಿಯುವ ಚಾಳಿ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 1990ರ ದಶಕದ ಕೊನೆಗೆ ಸೆಳವಿನ ಹೊಳೆಯಲ್ಲಿ ಆಟವಾಡುವ ದೋಣಿಗಳು ಎರಡು ಮೀಟರ್ ಆಸುಪಾಸಿಗೆ ಕುಗ್ಗಿದವು. ಮುಂಭಾಗ ಚಪ್ಪಟೆಯಾಗಿ ನೀರಿನೊಳಗೆ ನುಗ್ಗುವಂತಿರಬೇಕಿತ್ತು, ಹಾಗಾಗಿ ಪಾದಕ್ಕೆ ಜಾಗವೇ ಉಳಿಯಲಿಲ್ಲ. ಪಾದ ಮಡಿಸಿಟ್ಟು ಒಂದು ತಾಸು ಆಡುವವರಿಗೆ ಆ ನೋವು ಆಟದ ಬೆಲೆ. ಆ ಬೆಲೆಯನ್ನು ದಿನವಿಡೀ ಕಡಲಲ್ಲಿ ಇರಬೇಕಾದವರಿಂದಲೂ ಕೇಳುವುದು ಯಾವ ನ್ಯಾಯ? ಬಿಗಿತವೇ ಹಿಡಿತವಾಗಿದ್ದರೆ ಒಲಿಂಪಿಕ್ಸಿನ ಓಟದ ಕೆ-1 ದೋಣಿಯನ್ನು ಏನೆನ್ನಬೇಕು? 5.2 ಮೀಟರ್ ಮೀರದ, 12 ಕಿಲೋಗಿಂತ ಕಡಿಮೆ ತೂಗಬಾರದ ಆ ದೋಣಿ ನಿಂತ ನೀರಿನಲ್ಲೂ ಹೊಸಬರನ್ನು ಕೂರಗೊಡುವುದಿಲ್ಲ. ಅದರಲ್ಲಿ ಥೈ ಬ್ರೇಸ್ ಇಲ್ಲ, ಸೊಂಟಕ್ಕೆ ಫೋಮ್ ಇಲ್ಲ. ಮಂಡಿಗಳು ಒಂದಾದ ಮೇಲೊಂದು ಏರಿಳಿಯುತ್ತವೆ. ಆದರೆ ಸೀಟಿನ ಎತ್ತರ, ಕಾಲುಹಲಗೆಯ ದೂರ, ಪಾದದ ಮೇಲಿನ ಪಟ್ಟಿ ಇವನ್ನು ಆ ಓಟಗಾರರು ಬಹಳ ಸೂಕ್ಷ್ಮವಾಗಿ ಹೊಂದಿಸಿಕೊಳ್ಳುತ್ತಾರೆ. ಕಡಲಿಗೆ ಒಂದು ಹೊಂದಿಕೆ, ಓಟಕ್ಕೆ ಇನ್ನೊಂದು. ಎಲ್ಲಿಯೂ ಬೇಕಾದದ್ದು ಮೈಗೂ ಕೆಲಸಕ್ಕೂ ಒಪ್ಪುವ ಹೊಂದಿಕೆಯೇ. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಎತ್ತಿನ ಕುತ್ತಿಗೆಗೆ ಹೊಂದದ ನೊಗ ಹೆಗಲಿಗೆ ಹುಣ್ಣು ಮಾಡುತ್ತದೆ, ಆ ಎತ್ತು ನೇಗಿಲನ್ನೂ ನೆಟ್ಟಗೆ ಎಳೆಯುವುದಿಲ್ಲ.

ರೋಲ್ ಕಲಿಸುವ ಕಡೆ ಈ ತಪ್ಪು ನಂಬಿಕೆಯ ಕೇಡು ಇನ್ನೂ ಸ್ಪಷ್ಟ. ಮಗುಚಿದ ಕಯಾಕನ್ನು ಒಳಗೆ ಕೂತೇ ಮೇಲೆ ತರುವ ಈ ವಿದ್ಯೆಯನ್ನು ಯುರೋಪಿನಲ್ಲಿ ಮೊದಲು ಸಾಧಿಸಿದವರೆಂದು ಹೆಸರಾದವರು ಆಸ್ಟ್ರಿಯಾದ ಹಾನ್ಸ್ ಪಾವ್ಲಾಟ, 1927ರಲ್ಲಿ. 1930-31ರಲ್ಲಿ ಬ್ರಿಟನ್ನಿನ ಜಿನೊ ವಾಟ್ಕಿನ್ಸ್ ಪೂರ್ವ ಗ್ರೀನ್‌ಲ್ಯಾಂಡಿನವರಿಂದ ನೇರವಾಗಿ ಕಲಿತರು. ನೋಡುವವರಿಗೆ ಹುಟ್ಟು ನೀರನ್ನು ಒತ್ತಿ ಮನುಷ್ಯನನ್ನು ಎತ್ತಿದಂತೆ ಕಾಣುತ್ತದೆ. ನಿಜವಾಗಿ ಹುಟ್ಟು ಕೊಡುವುದು ಒಂದು ಗಳಿಗೆಯ ಆಸರೆ ಮಾತ್ರ. ದೋಣಿಯನ್ನು ತಿರುಗಿಸುವುದು ಸೊಂಟ ಮತ್ತು ಮೇಲೆತ್ತುವ ಒಂದು ಮಂಡಿ. ಸೊಂಟದ ಪಕ್ಕ ಮೂರು ಸೆಂಟಿಮೀಟರ್ ಸಂದಿದ್ದರೆ ಸೊಂಟದ ಮೊದಲ ಸೆಳೆತವೆಲ್ಲ ಆ ಸಂದು ತುಂಬುವುದಕ್ಕೇ ಮುಗಿಯುತ್ತದೆ. ದೋಣಿ ತಿರುಗುವುದು ತಡವಾಗುತ್ತದೆ, ಅಷ್ಟರಲ್ಲಿ ಹುಟ್ಟು ಮುಳುಗಿರುತ್ತದೆ, ಕಲಿಯುವವರು ಗಾಬರಿಯಿಂದ ತಲೆ ಎತ್ತುತ್ತಾರೆ, ಮತ್ತೆ ನೀರೊಳಗೆ. ದಡದಲ್ಲಿ ನಿಂತವರು ‘ತಲೆ ಎತ್ತಬೇಡಿ’ ಎಂದು ಕೂಗುತ್ತಾರೆ. ಕೂಗುವ ಮುಂಚೆ ಒಮ್ಮೆ ಸೊಂಟದ ಪಕ್ಕ ಕೈ ಹಾಕಿ ನೋಡಬಾರದೇ? ಸಡಿಲ ದೋಣಿಯಲ್ಲಿ ಸೋತು ‘ನನ್ನ ಕೈಲಾಗಲ್ಲ’ ಎಂದು ಬಿಟ್ಟುಹೋದವರಲ್ಲಿ ಹೆಚ್ಚಿನವರು ಸಣ್ಣ ಮೈಕಟ್ಟಿನವರು, ಹುಡುಗರು, ಹೆಂಗಸರು. ಅವರಿಗೆ ತಾಕತ್ತಿರಲಿಲ್ಲ ಎಂಬ ಮಾತು ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ. ಕೊರತೆಯಿದ್ದದ್ದು ಎರಡು ತುಂಡು ಫೋಮಿಗೆ.

ಇಷ್ಟು ಹೇಳಿದಾಗ ಬರುವ ಗಂಭೀರವಾದ ಆಕ್ಷೇಪ ಒಂದಿದೆ: ಅಷ್ಟು ಹೊಂದಿಸಿ ಕೂತರೆ ಮಗುಚಿದಾಗ ಒಳಗೇ ಸಿಕ್ಕಿಕೊಳ್ಳುವುದಿಲ್ಲವೇ? ಈ ಭಯವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಕಯಾಕಿನಲ್ಲಿ ಸಿಕ್ಕಿಕೊಳ್ಳುವುದು ಇದೆ. ಪಾದ ಫುಟ್‌ಪೆಗ್ಗನ್ನು ದಾಟಿ ಅದರಾಚೆ ಜಾರಿದರೆ, ಸಡಿಲವಾದ ಪಟ್ಟಿಯೋ ಶೂ ಲೇಸೋ ಸುತ್ತಿಕೊಂಡರೆ, ಕಾಕ್‌ಪಿಟ್‌ಗೆ ನೀರು ಬಾರದಂತೆ ಸೊಂಟಕ್ಕೆ ತೊಡುವ ಸ್ಪ್ರೇ ಸ್ಕರ್ಟಿನ ಮುಂದಿನ ಕುಣಿಕೆ ಒಳಗೆ ಮಡಚಿಕೊಂಡು ಕೈಗೆ ಸಿಗದಿದ್ದರೆ, ಹೊಳೆಯಲ್ಲಿ ದೋಣಿ ಬಂಡೆಗೆ ಅಪ್ಪಚ್ಚಿಯಾದರೆ. ಇವುಗಳಲ್ಲಿ ಯಾವುದಕ್ಕೂ ಸೊಂಟದ ಪಕ್ಕದ ಒಂದು ಅಂಗುಲ ಫೋಮ್ ಕಾರಣವಲ್ಲ. ತಲೆಕೆಳಗಾದವರು ಮಂಡಿ ಸಡಿಲಿಸಿ, ಕಾಕ್‌ಪಿಟ್‌ನ ಅಂಚಿಗೆ ಕೈಕೊಟ್ಟು ತಳ್ಳಿದರೆ ಜಾರಿ ಬರುತ್ತಾರೆ. ಮುಂಚಿನ ಚಿಕ್ಕ ದುಂಡು ಕಾಕ್‌ಪಿಟ್ ಹೋಗಿ ಬೀಗದ ಕಂಡಿಯ ಆಕಾರದ ಉದ್ದ ಕಾಕ್‌ಪಿಟ್ ಬಂದ ಮೇಲಂತೂ ಮಂಡಿ ಒಂದೊಂದಾಗಿ ಎತ್ತಿ ಹೊರತೆಗೆಯಬಹುದು. ಸಡಿಲ ದೋಣಿಯೇ ಹೆಚ್ಚು ಗಾಬರಿ ಹುಟ್ಟಿಸುತ್ತದೆ: ಮಗುಚಿದಾಗ ಅರ್ಧ ಹೊರಗೆ, ಅರ್ಧ ಒಳಗೆ ಜೋತು, ಮೇಲು ಯಾವುದು ಕೆಳಗು ಯಾವುದು ತಿಳಿಯದ ಸ್ಥಿತಿ. ಆದರೂ ಆಕ್ಷೇಪದಲ್ಲಿ ಒಂದು ಅಳತೆಗೋಲು ಅಡಗಿದೆ, ಅದನ್ನು ಇಟ್ಟುಕೊಳ್ಳೋಣ. ಸೊಂಟಕ್ಕೂ ಫೋಮಿಗೂ ನಡುವೆ ಚಪ್ಪಟೆ ಅಂಗೈ ಜಾರಬೇಕು. ನೆಲದ ಮೇಲೆ ಎದ್ದೇಳುವಾಗ ಹೆಣಗಾಡಬೇಕಾದರೆ ಅದು ಅತಿ ಬಿಗಿ, ಉಜ್ಜಿ ಕಡಿಮೆ ಮಾಡಬೇಕು.

ನಮ್ಮಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾ ಕಾಡಿನ ನಡುವೆ, ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರು ಹತ್ತುವುದು ಹೆಚ್ಚಾಗಿ ಮೇಲೆ ಕೂರುವ ಬಗೆಯ ಪ್ಲಾಸ್ಟಿಕ್ ದೋಣಿಗಳನ್ನು. ಅವಕ್ಕೆ ಕಾಕ್‌ಪಿಟ್ ಇಲ್ಲ, ನಿಂತ ನೀರಿಗೆ ಅವು ಸಾಕು. ಅಲ್ಲಿಂದ ಮುಂದೆ ಹೋಗಿ ಗಣೇಶಗುಡಿಯ ಬಳಿ ಕಾಳಿಯ ಸೆಳವಿಗೋ ಕಡಲಿಗೋ ಇಳಿಯಬೇಕೆನ್ನುವವರಿಗೆ ಸಿಗುವುದು ಬೇರೆ ದೇಶದ ಮೈಕಟ್ಟಿಗೆ ಅಚ್ಚು ಹಾಕಿದ ದೋಣಿ, ಅದೂ ಹಲವು ಕೈ ದಾಟಿ ಬಂದದ್ದು. 55 ಕಿಲೋ ತೂಗುವ ನಮ್ಮ ಹುಡುಗ ಅದರಲ್ಲಿ ಕೂತರೆ ಎರಡೂ ಕಡೆ ಮುಷ್ಟಿಯಷ್ಟು ಜಾಗ ಖಾಲಿ. ಸಾಮಾನು ಸಿಗುವುದಿಲ್ಲ ಎಂಬ ನೆಪವೂ ನಡೆಯುವುದಿಲ್ಲ. ನೀರು ಹೀರದ ಇವಿಎ ಫೋಮಿನ ಹಾಳೆ ಈಗ ದೊಡ್ಡ ಊರುಗಳಲ್ಲೆಲ್ಲ ಸಿಗುತ್ತದೆ, ಚಪ್ಪಲಿಯ ಅಟ್ಟೆ ಅಂಟಿಸುವ ಬಗೆಯ ಅಂಟೂ ಸಿಗುತ್ತದೆ. ಗರಗಸದ ಬ್ಲೇಡು, ಒರಟು ಅರ, ಉಪ್ಪುಕಾಗದ ಇದ್ದರೆ ಮುಗಿಯಿತು. ಒಂದು ಎಚ್ಚರಿಕೆ: ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಆ ಅಂಟು ನೆಟ್ಟಗೆ ಹಿಡಿಯುವುದಿಲ್ಲ, ಅಲ್ಲಿ ಫೋಮನ್ನು ಸೀಟಿನ ಪಕ್ಕದ ತಗಡಿಗೆ ಪಟ್ಟಿಯಿಂದಲೋ ಬೋಲ್ಟಿನಿಂದಲೋ ಕಟ್ಟಬೇಕು. ಫೈಬರ್‌ಗ್ಲಾಸಿಗಾದರೆ ಉಪ್ಪುಕಾಗದದಿಂದ ಒರಟು ಮಾಡಿ, ಒರೆಸಿ, ಒಣಗಿಸಿ ಅಂಟಿಸಬಹುದು.

ಸೀಟನ್ನು ಅಲುಗಾಡಿಸಲು ಹೊರಟವರಿಗೆ ಇನ್ನೊಂದು ಮಾತು. ಸೀಟು ಹಿಂದೆ ಮುಂದೆ ಹೋದರೆ ಹಿತ ಮಾತ್ರ ಬದಲಾಗುವುದಿಲ್ಲ, ಗಾಳಿಯಲ್ಲಿ ದೋಣಿಯ ನಡತೆಯೂ ಬದಲಾಗುತ್ತದೆ. ಅಡ್ಡಗಾಳಿಯಲ್ಲಿ ಸಾಗುವ ಕಯಾಕ್ ಸಾಮಾನ್ಯವಾಗಿ ಗಾಳಿಯತ್ತ ಮೂತಿ ತಿರುಗಿಸುತ್ತದೆ. ಭಾರ ಸ್ವಲ್ಪ ಹಿಂದಕ್ಕೆ ಸರಿದರೆ ಹಿಂಭಾಗ ಆಳಕ್ಕೆ ಕೂತು ಆ ಚಾಳಿ ಕಡಿಮೆಯಾಗುತ್ತದೆ, ಮುಂದಕ್ಕೆ ಸರಿದರೆ ಹೆಚ್ಚುತ್ತದೆ. ಆದ್ದರಿಂದ ಸೀಟನ್ನು ಕೊನೆಗೆ ಮುಟ್ಟಬೇಕು, ಮೊದಲು ಪಾದ, ಆಮೇಲೆ ತೊಡೆ, ಆಮೇಲೆ ಸೊಂಟ.

ಬಾಡಿಗೆಗೆ ದೋಣಿ ಕೊಡುವವರನ್ನು, ಕಲಿಸುವವರನ್ನು ನಾನು ಕೇಳುವುದು ಹೆಚ್ಚೇನಲ್ಲ. ಮೂರು ದಪ್ಪದ ಫೋಮಿನ ತುಂಡುಗಳಿರುವ ಒಂದು ಚೀಲ ದೋಣಿಗಳ ಜೊತೆ ಇರಲಿ. ಕೂತವರ ಸೊಂಟದ ಪಕ್ಕ ಅವನ್ನು ಸೇರಿಸಿ, ಫುಟ್‌ಪೆಗ್ ಸರಿಪಡಿಸಿ, ಒರಗನ್ನು ಕೆಳಗಿಳಿಸಿ, ಎದೆಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಿಂತು ಒಮ್ಮೆ ಮಗುಚಿಸಿ ಹೊರಗೆ ಬರಲು ಹೇಳಿ. ಮೊದಲು ಸ್ಕರ್ಟ್ ಇಲ್ಲದೆ, ಆಮೇಲೆ ಸ್ಕರ್ಟ್ ಹಾಕಿ, ಕುಣಿಕೆಯನ್ನು ಅವರೇ ಹುಡುಕಿ ಎಳೆಯಲಿ. ಅರ್ಧ ಗಂಟೆ ಹುಟ್ಟು ಹಾಕಿ ಬಂದ ಮೇಲೆ ಎಲ್ಲಿ ಒತ್ತುತ್ತದೆ ಎಂದು ಕೇಳಿ, ಆ ಜಾಗಕ್ಕೆ ಗುರುತು ಹಾಕಿ, ಫೋಮನ್ನು ಉಜ್ಜಿ. ಮರುದಿನ ಮತ್ತೆ ಕೇಳಿ.